ಗಾಳಿಯಿಂದ ಯೂರಿಯಾ, ಬಂಡೆಯಿಂದ ಡಿಎಪಿ: ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ಗೊಬ್ಬರದ ರಸಾಯನಶಾಸ್ತ್ರದ ಸಮಗ್ರ ಮಾರ್ಗದರ್ಶಿ

ಸಿಂಧನೂರು, ಕಾರಟಗಿ, ಗಂಗಾವತಿ, ಸಿರುಗುಪ್ಪ ಭಾಗದಲ್ಲಿ ಕಾಲುವೆಗೆ ನೀರು ಬಿಟ್ಟರೆ ಸಾಕು, ಗೊಬ್ಬರದ ಅಂಗಡಿಗಳ ಮುಂದೆ ಸಾಲು ಬೆಳೆಯುತ್ತದೆ. ಚೀಲ ಸಿಗುತ್ತದೋ ಇಲ್ಲವೋ ಎಂಬ ಆತಂಕದಲ್ಲಿ, ಆ ಚೀಲದೊಳಗೆ ಇರುವುದೇನು, ಅದು ಹೇಗೆ ತಯಾರಾಯಿತು ಎಂದು ಯೋಚಿಸುವ ವ್ಯವಧಾನ ಯಾರಿಗೂ ಇರುವುದಿಲ್ಲ. ಆದರೆ ಗೊಬ್ಬರ ತಯಾರಾಗುವ ಬಗೆಯನ್ನು ಅರಿತವರಿಗೆ ಅದನ್ನು ಹಾಕುವ ಬಗೆ ಅರ್ಧ ತಿಳಿದಂತೆಯೇ. ಏಕೆಂದರೆ ಕಾರ್ಖಾನೆಯಲ್ಲಿ ಅಪಾರ ಶಾಖ, ಒತ್ತಡ ಮತ್ತು ಆಮ್ಲವನ್ನು ವ್ಯಯಿಸಿ ನಡೆಸಿದ ಕ್ರಿಯೆಗಳನ್ನು ನಮ್ಮ ಎರೆಮಣ್ಣು ಸದ್ದಿಲ್ಲದೆ ಹಿಂದಕ್ಕೆ ತಿರುಗಿಸುತ್ತದೆ: ಯೂರಿಯಾ ಮರಳಿ ಅಮೋನಿಯಾ ಆಗಿ ಗಾಳಿಗೆ ಸೇರುತ್ತದೆ, ಡಿಎಪಿಯ (ಡೈಅಮೋನಿಯಂ ಫಾಸ್ಫೇಟ್) ರಂಜಕ ಮರಳಿ ಬಂಡೆಯ ರೂಪದತ್ತ ಸಾಗುತ್ತದೆ. ಹಾಗೆ ಮರಳುವ ಮೊದಲೇ ಬೆಳೆಯ ಬೇರು ಅದನ್ನು ಹಿಡಿಯುವಂತೆ ಮಾಡುವುದು ಹೇಗೆ ಎಂಬುದನ್ನು ಹಂತ ಹಂತವಾಗಿ ಇಲ್ಲಿ ವಿವರಿಸಲಾಗಿದೆ.

ಹಂತ 1: ಚೀಲದ ಮೇಲಿನ ಅಂಕಿಗಳನ್ನು ಓದುವುದು

ಚೀಲದ ಮೇಲೆ 18-46-0 ಎಂದೋ 10-26-26 ಎಂದೋ ಮುದ್ರಿಸಿರುವ ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ ಮತ್ತು ಪೊಟ್ಯಾಷ್‌ಗಳ ಶೇಕಡಾವಾರು ತೂಕವನ್ನು ಸೂಚಿಸುತ್ತವೆ. ಇವುಗಳಲ್ಲಿ ಮೊದಲನೆಯದು ಮಾತ್ರ ಶುದ್ಧ ಧಾತುವಿನ ಲೆಕ್ಕ. ಉಳಿದೆರಡು ಹಳೆಯ ರೂಢಿಯಂತೆ ಆ ಧಾತುಗಳ ಆಕ್ಸೈಡ್‌ಗಳ ಲೆಕ್ಕದಲ್ಲಿರುತ್ತವೆ. ಆದ್ದರಿಂದ ಡಿಎಪಿಯ 46ರಲ್ಲಿ ಶುದ್ಧ ರಂಜಕ ಇರುವುದು ಸುಮಾರು 20 ಮಾತ್ರ. ಶಿಫಾರಸುಗಳನ್ನೂ ಆಕ್ಸೈಡ್ ಲೆಕ್ಕದಲ್ಲಿಯೇ ಕೊಡುವುದರಿಂದ ರೈತರು ಇದಕ್ಕಾಗಿ ಪ್ರತ್ಯೇಕ ಗುಣಾಕಾರ ಮಾಡಬೇಕಾಗಿಲ್ಲ.

ಗಮನಿಸಬೇಕಾದದ್ದು ಚೀಲದ ತೂಕವನ್ನು. ಡಿಎಪಿ, ಪೊಟ್ಯಾಷ್ ಮತ್ತು ಕಾಂಪ್ಲೆಕ್ಸ್ ಗೊಬ್ಬರಗಳ ಚೀಲ 50 ಕೆಜಿಯದ್ದು. ಯೂರಿಯಾ ಚೀಲ 2018ರಿಂದ 45 ಕೆಜಿಗೆ ಇಳಿದಿದೆ. ಹೀಗಾಗಿ ಒಂದು ಚೀಲ ಯೂರಿಯಾದಲ್ಲಿ ಸಿಗುವ ಸಾರಜನಕ ಹಿಂದಿನ 23 ಕೆಜಿಯಲ್ಲ, 20.7 ಕೆಜಿ. "ಎಕರೆಗೆ ಇಷ್ಟು ಚೀಲ" ಎಂಬ ಹಳೆಯ ಬಾಯಿಲೆಕ್ಕವನ್ನು ಇನ್ನೂ ನೆಚ್ಚಿಕೊಂಡವರು ಈ ವ್ಯತ್ಯಾಸವನ್ನು ಮರೆಯುತ್ತಾರೆ.

ಹಂತ 2: ಸಾರಜನಕವನ್ನು ಗಾಳಿಯಿಂದ ಹಿಡಿಯುವ ಬಗೆ

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಭಾಗ ಸಾರಜನಕವೇ ಇದೆ. ಆದರೆ ಅದರ ಎರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿದುಕೊಂಡಿರುವುದರಿಂದ ಭತ್ತವಾಗಲಿ ಹತ್ತಿಯಾಗಲಿ ಅದನ್ನು ನೇರವಾಗಿ ಬಳಸಲಾರದು. ತೊಗರಿ, ಕಡಲೆ, ಶೇಂಗಾದಂತಹ ದ್ವಿದಳ ಬೆಳೆಗಳ ಬೇರುಗಂಟಿನಲ್ಲಿರುವ ಬ್ಯಾಕ್ಟೀರಿಯಾಗಳು ಈ ಬಂಧವನ್ನು ಮಣ್ಣಿನ ಸಾಮಾನ್ಯ ಉಷ್ಣಾಂಶದಲ್ಲೇ ಬಿಡಿಸುತ್ತವೆ. ಮನುಷ್ಯನಿಗೆ ಅದು ಸಾಧ್ಯವಾದದ್ದು 20ನೇ ಶತಮಾನದಲ್ಲಿ. ಜರ್ಮನಿಯ ಫ್ರಿಟ್ಜ್ ಹೇಬರ್ 1909ರಲ್ಲಿ ಪ್ರಯೋಗಾಲಯದಲ್ಲಿ ಅಮೋನಿಯಾ ತಯಾರಿಸಿ ತೋರಿಸಿದರು; ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ಬೆಳೆಸಿ 1913ರಲ್ಲಿ ಓಪ್ಪೌ ಎಂಬಲ್ಲಿ ಉತ್ಪಾದನೆ ಆರಂಭಿಸಿದರು.

ಈ ವಿಧಾನಕ್ಕೆ ಬೇಕಾದ ಸಾರಜನಕ ಗಾಳಿಯಿಂದ ಪುಕ್ಕಟೆಯಾಗಿ ಸಿಗುತ್ತದೆ, ದುಬಾರಿಯಾದದ್ದು ಜಲಜನಕ. ಅದನ್ನು ನೈಸರ್ಗಿಕ ಅನಿಲದಿಂದ ಪಡೆಯುತ್ತಾರೆ. ಅನಿಲದಲ್ಲಿರುವ ಮೀಥೇನನ್ನು ನೀರಿನ ಹಬೆಯೊಂದಿಗೆ ಸೇರಿಸಿ, ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ನಿಕ್ಕಲ್ ವೇಗವರ್ಧಕದ ಮೇಲೆ ಹಾಯಿಸಿದಾಗ ಜಲಜನಕ ಮತ್ತು ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತವೆ. ಆ ಮಾನಾಕ್ಸೈಡನ್ನು ಮತ್ತೆ ಹಬೆಯೊಂದಿಗೆ ವರ್ತಿಸುವಂತೆ ಮಾಡಿ ಇನ್ನಷ್ಟು ಜಲಜನಕ ಪಡೆಯುತ್ತಾರೆ. ಜೊತೆಗೆ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅದನ್ನು ಬೇರ್ಪಡಿಸಿ ಪಕ್ಕಕ್ಕೆ ಇಟ್ಟುಕೊಳ್ಳುತ್ತಾರೆ, ಮುಂದೆ ಅದು ಕೆಲಸಕ್ಕೆ ಬರಲಿದೆ. ಬಳಿಕ ಒಂದು ಪಾಲು ಸಾರಜನಕ ಮತ್ತು ಮೂರು ಪಾಲು ಜಲಜನಕವನ್ನು 400ರಿಂದ 500 ಡಿಗ್ರಿ ಶಾಖ ಹಾಗೂ ವಾತಾವರಣಕ್ಕಿಂತ 150ರಿಂದ 250 ಪಟ್ಟು ಒತ್ತಡದಲ್ಲಿ ಕಬ್ಬಿಣದ ವೇಗವರ್ಧಕದ ಮೇಲೆ ಹಾಯಿಸಿದರೆ ಅಮೋನಿಯಾ ಸಿದ್ಧವಾಗುತ್ತದೆ. ಒಂದು ಸಲ ಹಾಯಿಸಿದಾಗ ಅನಿಲದ ಸಣ್ಣ ಪಾಲು ಮಾತ್ರ ಅಮೋನಿಯಾ ಆಗುವುದರಿಂದ, ಅದನ್ನು ತಣಿಸಿ ದ್ರವವಾಗಿ ತೆಗೆದು ಉಳಿದದ್ದನ್ನು ಮತ್ತೆ ಮತ್ತೆ ತಿರುಗಿಸುತ್ತಾರೆ.

ಈಗ ಪಕ್ಕಕ್ಕಿಟ್ಟಿದ್ದ ಇಂಗಾಲದ ಡೈಆಕ್ಸೈಡಿನ ಸರದಿ. ಅದನ್ನೂ ಅಮೋನಿಯಾವನ್ನೂ ಅಧಿಕ ಒತ್ತಡದಲ್ಲಿ, 180 ಡಿಗ್ರಿಯ ಆಸುಪಾಸಿನ ಶಾಖದಲ್ಲಿ ಸೇರಿಸಿದಾಗ ಮೊದಲು ಅಮೋನಿಯಂ ಕಾರ್ಬಮೇಟ್ ಎಂಬ ಸಂಯುಕ್ತ ಉಂಟಾಗಿ, ಅದು ನೀರನ್ನು ಕಳೆದುಕೊಂಡು ಯೂರಿಯಾ ಆಗುತ್ತದೆ. ಒಂದು ಟನ್ ಯೂರಿಯಾಕ್ಕೆ ಸುಮಾರು 570 ಕೆಜಿ ಅಮೋನಿಯಾ ಮತ್ತು 730 ಕೆಜಿ ಇಂಗಾಲದ ಡೈಆಕ್ಸೈಡ್ ಬೇಕು. ತೂಕದಲ್ಲಿ ಹೆಚ್ಚಾಗಿ ಕಾಣುವ 300 ಕೆಜಿ ನೀರಾಗಿ ಹೊರಬೀಳುತ್ತದೆ. ಕರಗಿದ ಯೂರಿಯಾವನ್ನು ಎತ್ತರದ ಗೋಪುರದ ತುದಿಯಿಂದ ಹನಿಹನಿಯಾಗಿ ಚಿಮುಕಿಸಿ ಕೆಳಗಿನಿಂದ ಗಾಳಿ ಹಾಯಿಸಿದರೆ, ಹನಿಗಳು ಬೀಳುತ್ತಲೇ ಗಟ್ಟಿಯಾಗಿ ಬಿಳಿಯ ಕಾಳುಗಳಾಗುತ್ತವೆ. ಈ ಹಂತದಲ್ಲಿ ಶಾಖ ಮಿತಿಮೀರಿದರೆ ಎರಡು ಯೂರಿಯಾ ಅಣುಗಳು ಕೂಡಿ ಬೈಯೂರೆಟ್ ಎಂಬ, ಬೆಳೆಗೆ ಹಾನಿಕರವಾದ ವಸ್ತುವಾಗುತ್ತದೆ. ರಸಗೊಬ್ಬರ ನಿಯಂತ್ರಣ ಆದೇಶ, 1985ರ ಪ್ರಕಾರ ಯೂರಿಯಾದಲ್ಲಿ ಅದು ಶೇ. 1.5ನ್ನು ಮೀರುವಂತಿಲ್ಲ. ಎಲೆಗಳ ಮೇಲೆ ಯೂರಿಯಾ ಸಿಂಪಡಿಸುವವರು ಎಲೆ ಅಂಚು ಸುಟ್ಟಂತಾಗುವುದನ್ನು ಕಂಡರೆ ದ್ರಾವಣದ ಸಾಂದ್ರತೆಯ ಜೊತೆಗೆ ಇದನ್ನೂ ಅನುಮಾನಿಸಬೇಕು.

ನಮ್ಮ ರಾಜ್ಯದಲ್ಲಿ ಯೂರಿಯಾ ತಯಾರಾಗುವುದು ಮಂಗಳೂರಿನ ಪಣಂಬೂರಿನಲ್ಲಿ. ಬಹುಕಾಲ ಕಚ್ಚಾತೈಲದಿಂದ ಸಿಗುವ ನಾಫ್ತಾವನ್ನು ನೆಚ್ಚಿಕೊಂಡಿದ್ದ ಆ ಕಾರ್ಖಾನೆಗೆ, 2021ರ ಜನವರಿಯಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಕೊಳವೆಮಾರ್ಗ ನೈಸರ್ಗಿಕ ಅನಿಲದ ದಾರಿ ತೆರೆಯಿತು.

ಹಂತ 3: ರಂಜಕ ಮತ್ತು ಪೊಟ್ಯಾಷ್‌ನ ಮೂಲ

ರಂಜಕ ಬರುವುದು ಬಂಡೆಯಿಂದ. ಮೊರಾಕ್ಕೊ, ಜೋರ್ಡಾನ್‌ನಂತಹ ದೇಶಗಳಿಂದಲೂ, ಅಲ್ಪ ಪ್ರಮಾಣದಲ್ಲಿ ರಾಜಸ್ಥಾನದ ಝಾಮರ್‌ಕೋಟ್ರಾದಂತಹ ಗಣಿಗಳಿಂದಲೂ ಬರುವ ರಾಕ್ ಫಾಸ್ಫೇಟ್ ಎಂಬ ಈ ಬಂಡೆಯಲ್ಲಿ ರಂಜಕವು ಸುಣ್ಣದ ಧಾತುವಾದ ಕ್ಯಾಲ್ಸಿಯಂಗೆ ಅಂಟಿಕೊಂಡಿರುತ್ತದೆ ಮತ್ತು ನೀರಿನಲ್ಲಿ ಕರಗುವುದಿಲ್ಲ. ಪುಡಿ ಮಾಡಿದ ಬಂಡೆಗೆ ಗಂಧಕಾಮ್ಲವನ್ನು ಹಿತಮಿತವಾಗಿ ಬೆರೆಸಿದರೆ ಕರಗುವ ರಂಜಕ ಮತ್ತು ಜಿಪ್ಸಂ ಎರಡೂ ಕೂಡಿದ ಮುದ್ದೆಯಾಗುತ್ತದೆ. ಅದನ್ನು ಹಣ್ಣಾಗಲು ಬಿಟ್ಟು ಪುಡಿ ಮಾಡಿದರೆ ಸೂಪರ್ ಫಾಸ್ಫೇಟ್. ಇಂಗ್ಲೆಂಡಿನ ಜಾನ್ ಬೆನೆಟ್ ಲಾಸ್ 1842ರಲ್ಲಿ ಇದರ ಹಕ್ಕುಪತ್ರ ಪಡೆದರು. ಭಾರತದಲ್ಲಿ ಇದರ ತಯಾರಿಕೆ 1906ರಲ್ಲಿ ತಮಿಳುನಾಡಿನ ರಾಣಿಪೇಟೆಯಲ್ಲಿ ಆರಂಭವಾಯಿತು. ಜಿಪ್ಸಂ ಅದರೊಳಗೇ ಉಳಿಯುವುದರಿಂದ ಸೂಪರ್‌ನಲ್ಲಿ ರಂಜಕ ಶೇ. 16 ಮಾತ್ರ ಇದ್ದರೂ ಶೇ. 11ರಷ್ಟು ಗಂಧಕ ಮತ್ತು ಸಾಕಷ್ಟು ಕ್ಯಾಲ್ಸಿಯಂ ಉಚಿತವಾಗಿ ದೊರೆಯುತ್ತವೆ. ಎಣ್ಣೆಯಂಶ ಮತ್ತು ಗಟ್ಟಿ ಕಾಯಿ ಎರಡಕ್ಕೂ ಇವು ಬೇಕಾಗುವುದರಿಂದ, ಕೊಪ್ಪಳದ ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಶೇಂಗಾ ಬಿತ್ತುವವರು ಡಿಎಪಿಯ ಹಿಂದೆ ಬೀಳುವ ಬದಲು ಸೂಪರ್ ಬಳಸುವುದು ಹೆಚ್ಚು ಜಾಣತನವೆಂದು ನನ್ನ ಅಭಿಪ್ರಾಯ.

ಆಮ್ಲವನ್ನು ಇನ್ನೂ ಹೆಚ್ಚು ಬಳಸಿ ಜಿಪ್ಸಂ ಅನ್ನು ಸೋಸಿ ಬೇರ್ಪಡಿಸಿದರೆ ಫಾಸ್ಫರಿಕ್ ಆಮ್ಲ ಸಿಗುತ್ತದೆ. ಅದಕ್ಕೆ ಅಮೋನಿಯಾ ಉಣಿಸಿ, ತಿರುಗುವ ಪೀಪಾಯಿಯಲ್ಲಿ ಕಾಳುಗಟ್ಟಿಸಿದರೆ ಡಿಎಪಿ. ಅದೇ ಮುದ್ದೆಗೆ ಪೊಟ್ಯಾಷ್, ಯೂರಿಯಾ ಇತ್ಯಾದಿಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಸೇರಿಸಿದರೆ ಕಾಂಪ್ಲೆಕ್ಸ್ ಗೊಬ್ಬರಗಳು. ಬೇರ್ಪಟ್ಟ ಜಿಪ್ಸಂ ಕಾರ್ಖಾನೆಗಳ ಪಕ್ಕದಲ್ಲಿ ಗುಡ್ಡದಂತೆ ಬೀಳುತ್ತದೆ. ಅದು ನಮ್ಮ ಸವಳು ಭೂಮಿಗೆ ಹೇಗೆ ಉಪಯುಕ್ತವೆಂಬುದು ಕೊನೆಯ ಹಂತದಲ್ಲಿ ಬರುತ್ತದೆ.

ಪೊಟ್ಯಾಷ್‌ನ ಕಥೆ ಚಿಕ್ಕದು. ಒಣಗಿಹೋದ ಪ್ರಾಚೀನ ಸಮುದ್ರಗಳ ಉಪ್ಪಿನ ಪದರಗಳನ್ನು ಕೆನಡಾ, ರಷ್ಯಾ, ಬೆಲಾರೂಸ್ ಮುಂತಾದೆಡೆ ಅಗೆದು, ಅಡುಗೆ ಉಪ್ಪನ್ನು ಬೇರ್ಪಡಿಸಿ ಪೊಟ್ಯಾಸಿಯಂ ಕ್ಲೋರೈಡ್ ತೆಗೆಯುತ್ತಾರೆ. ಅದರ ಕೆಂಪು ಬಣ್ಣಕ್ಕೆ ಕಾರಣ ಕಬ್ಬಿಣದ ಆಕ್ಸೈಡ್. ಬಿಳಿಯದೂ ಕೆಂಪಿನದೂ ಗುಣದಲ್ಲಿ ಒಂದೇ.

ಹಂತ 4: ಅಸಲಿಯೋ ನಕಲಿಯೋ ಪರೀಕ್ಷಿಸುವುದು

ಅಂತಿಮ ತೀರ್ಮಾನ ಪ್ರಯೋಗಾಲಯದ್ದೇ ಆದರೂ, ಮನೆಯಂಗಳದಲ್ಲಿ ಮಾಡಬಹುದಾದ ಪರೀಕ್ಷೆಗಳು ಅನುಮಾನಕ್ಕೆ ಆಧಾರ ಒದಗಿಸುತ್ತವೆ. ಇವೆಲ್ಲವೂ ಮೇಲೆ ಹೇಳಿದ ರಸಾಯನಶಾಸ್ತ್ರದ ಮೇಲೆಯೇ ನಿಂತಿವೆ.

ಯೂರಿಯಾ ನೀರಿನಲ್ಲಿ ಕರಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಒಂದು ಲೋಟದ ಕಾಲುಭಾಗ ನೀರಿಗೆ ಎರಡು ಚಮಚ ಯೂರಿಯಾ ಹಾಕಿ ಕಲಕಿದರೆ ಲೋಟ ಕೈಗೆ ತಣ್ಣಗೆ ತಗುಲಬೇಕು ಮತ್ತು ತಳದಲ್ಲಿ ಏನೂ ಉಳಿಯಬಾರದು. ಅಡುಗೆಗೆ ಬಳಸದ ಹಳೆಯ ಹಂಚನ್ನು ಬಯಲಿನಲ್ಲಿ ಕಾಯಿಸಿ ನಾಲ್ಕು ಕಾಳು ಹಾಕಿದರೆ ಅವು ಮೊದಲು ಕರಗಿ ನೀರಾಗಿ, ಬೆಂಕಿ ಜೋರು ಮಾಡಿದಾಗ ಹೊಗೆಯಾಗಿ ಹೋಗುತ್ತವೆ. ಹಂಚಿನ ಮೇಲೆ ಉಪ್ಪು ಅಥವಾ ಮಣ್ಣು ಉಳಿದರೆ ಕಲಬೆರಕೆಯಿದೆ ಎಂದರ್ಥ.

ಡಿಎಪಿಯ ಪರೀಕ್ಷೆ ಇನ್ನೂ ಸುಲಭ. ಅಂಗೈಯಲ್ಲಿ ನಾಲ್ಕಾರು ಕಾಳು ಇಟ್ಟುಕೊಂಡು, ತಂಬಾಕಿಗೆ ಹಚ್ಚುವಷ್ಟು ಸುಣ್ಣ ಸೇರಿಸಿ ತಿಕ್ಕಿದರೆ ಮೂಗಿಗೆ ಬಡಿಯುವ ಘಾಟು ಬರಬೇಕು. ಸುಣ್ಣದ ಕ್ಷಾರವು ಡಿಎಪಿಯೊಳಗಿನ ಅಮೋನಿಯಂ ಅನ್ನು ಅಮೋನಿಯಾ ಅನಿಲವಾಗಿ ಹೊರದೂಡುವುದೇ ಈ ಘಾಟಿಗೆ ಕಾರಣ. ಪರೀಕ್ಷೆಯ ಬಳಿಕ ಕೈ ತೊಳೆಯುವುದು ಕಡ್ಡಾಯ. ಅಮೋನಿಯಂ ಇಲ್ಲದ ಸೂಪರ್ ಕಾಳುಗಳನ್ನು ಡಿಎಪಿ ಚೀಲಕ್ಕೆ ತುಂಬಿದ್ದರೆ ಈ ವಾಸನೆ ಬರುವುದಿಲ್ಲ. ಬಿಸಿ ಹಂಚಿನ ಮೇಲೆ ಡಿಎಪಿ ಕಾಳು ಉಬ್ಬುತ್ತದೆ, ಸೂಪರ್ ಉಬ್ಬುವುದಿಲ್ಲ. ಪೊಟ್ಯಾಷ್‌ಗೆ ನೀರು ಚಿಮುಕಿಸಿದರೆ ಹರಳುಗಳು ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ.

ನಮ್ಮ ಭಾಗದಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಸತುವಿನ ಸಲ್ಫೇಟ್ ಕೊಳ್ಳುವಾಗ. ಅದಕ್ಕೆ ಅಗ್ಗದ ಮೆಗ್ನೀಷಿಯಂ ಸಲ್ಫೇಟ್ ಬೆರೆಸಿದರೆ ಕಣ್ಣಿಗೆ ಗೊತ್ತಾಗದು. ಡಿಎಪಿ ದ್ರಾವಣಕ್ಕೆ ಅಸಲಿ ಸತುವಿನ ದ್ರಾವಣ ಸುರಿದ ತಕ್ಷಣ ದಟ್ಟವಾದ ಬಿಳಿ ಗರಣೆ ಕಟ್ಟುತ್ತದೆ, ಮೆಗ್ನೀಷಿಯಂ ಸಲ್ಫೇಟ್ ಹಾಗೆ ಕಟ್ಟುವುದಿಲ್ಲ. ಅನುಮಾನ ಬಂದರೆ ರಸೀದಿ ಮತ್ತು ಚೀಲವನ್ನು ಇಟ್ಟುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ದೂರು ಕೊಡಬೇಕು. ರಸೀದಿಯಿಲ್ಲದೆ ಕೊಂಡ ಗೊಬ್ಬರದ ಬಗ್ಗೆ ದೂರಿದರೂ ಕೇಳುವವರಿರುವುದಿಲ್ಲ.

ಹಂತ 5: ಮಣ್ಣಿನ ಮಾದರಿ

ಕೊಯ್ಲು ಮುಗಿದ ಮೇಲೆ, ಬದು, ತಿಪ್ಪೆ ಮತ್ತು ಮರದ ಬುಡಗಳನ್ನು ಬಿಟ್ಟು, ಹೊಲದುದ್ದಕ್ಕೂ ಅಂಕುಡೊಂಕಾಗಿ ಹತ್ತಾರು ಕಡೆ ಇಂಗ್ಲಿಷಿನ ವಿ ಆಕಾರದಲ್ಲಿ 15 ಸೆಂಟಿಮೀಟರ್ ಆಳ ಅಗೆದು ಅಂಚಿನ ಮಣ್ಣು ತೆಗೆಯಬೇಕು. ಎಲ್ಲವನ್ನೂ ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಬಿಡುತ್ತಾ ಅರ್ಧ ಕೆಜಿಗೆ ಇಳಿಸಬೇಕು. ಖಾಲಿ ಗೊಬ್ಬರದ ಚೀಲದಲ್ಲಿ ಮಾದರಿ ತುಂಬಿ ಒಯ್ಯುವುದು ಬಲು ಸಾಮಾನ್ಯವಾದ ತಪ್ಪು. ಚೀಲಕ್ಕೆ ಅಂಟಿದ ಪುಡಿಯೇ ವರದಿಯನ್ನು ಕೆಡಿಸುತ್ತದೆ. ಸತುವಿನ ಪರೀಕ್ಷೆ ಬೇಕಿದ್ದರೆ ಕಲಾಯಿ ತಗಡಿನ ಬಕೆಟ್ ಕೂಡ ಸಲ್ಲದು, ಏಕೆಂದರೆ ಆ ಕಲಾಯಿಯೇ ಸತು. ವರದಿ ಬಂದಾಗ ಮೊದಲು ರಸಸಾರ (ಮಣ್ಣು ಆಮ್ಲೀಯವೋ ಕ್ಷಾರೀಯವೋ ಎಂದು ತೋರಿಸುವ ಪಿಎಚ್ ಅಂಕಿ), ಲವಣಾಂಶ ಮತ್ತು ಪೊಟ್ಯಾಷ್ ಅಂಕಿಗಳನ್ನು ನೋಡಬೇಕು. ಎರೆಮಣ್ಣಿನಲ್ಲಿ ಪೊಟ್ಯಾಷ್ ಸಾಮಾನ್ಯವಾಗಿ ಧಾರಾಳವಾಗಿಯೇ ಇರುವುದರಿಂದ, ಎಷ್ಟೋ ಹೊಲಗಳಲ್ಲಿ ಅದರ ಖರ್ಚನ್ನು ತಗ್ಗಿಸಲು ಅವಕಾಶವಿರುತ್ತದೆ.

ಹಂತ 6: ಚೀಲದ ಲೆಕ್ಕ

ಕಾಲುವೆ ನೀರಿನ ನಾಟಿ ಭತ್ತಕ್ಕೆ ಎಕರೆಗೆ 60 ಕೆಜಿ ಸಾರಜನಕ, 30 ಕೆಜಿ ರಂಜಕ, 30 ಕೆಜಿ ಪೊಟ್ಯಾಷ್ ಕೊಡಬೇಕೆಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಲೆಕ್ಕವನ್ನು ಯಾವಾಗಲೂ ರಂಜಕದಿಂದ ಆರಂಭಿಸಬೇಕು, ಏಕೆಂದರೆ ರಂಜಕ ಕೊಡುವ ಡಿಎಪಿಯಲ್ಲಿ ಸಾರಜನಕವೂ ಸೇರಿಕೊಂಡಿದೆ. 30ನ್ನು 46ರಿಂದ ಭಾಗಿಸಿ 100ರಿಂದ ಗುಣಿಸಿದರೆ 65 ಕೆಜಿ ಡಿಎಪಿ. ಅದರಲ್ಲಿ ಶೇ. 18ರಂತೆ 11.7 ಕೆಜಿ ಸಾರಜನಕ ಬಂದಾಯಿತು. ಉಳಿದ 48.3 ಕೆಜಿಗೆ ಬೇಕಾದ ಯೂರಿಯಾ 105 ಕೆಜಿ, ಅಂದರೆ ಎರಡು ಚೀಲದ ಮೇಲೆ 15 ಕೆಜಿ. ಪೊಟ್ಯಾಷ್ ಗೊಬ್ಬರದಲ್ಲಿ ಪೊಟ್ಯಾಷ್ ಶೇ. 60 ಇರುವುದರಿಂದ ಅದು ಸರಿಯಾಗಿ ಒಂದು ಚೀಲ.

ಡಿಎಪಿ ಸಿಗದಿದ್ದರೆ ಪರದಾಡಬೇಕಾಗಿಲ್ಲ. 10-26-26 ಗೊಬ್ಬರದ 115 ಕೆಜಿ ಕೊಟ್ಟರೆ ರಂಜಕ, ಪೊಟ್ಯಾಷ್ ಎರಡೂ ಪೂರೈಕೆಯಾಗಿ, ಸಾರಜನಕ 11.5 ಕೆಜಿ ಬರುತ್ತದೆ. ಯೂರಿಯಾ ಮತ್ತೆ ಅದೇ 105 ಕೆಜಿ. ಬೆಳೆಯ ಬೇರಿಗೆ ಚೀಲದ ಹೆಸರು ಗೊತ್ತಿಲ್ಲ.

ಹಂತ 7: ಹಾಕುವ ಹೊತ್ತು ಮತ್ತು ಜಾಗ

ಇಡೀ ಮಾರ್ಗದರ್ಶಿಯಲ್ಲಿ ಹೆಚ್ಚು ಹಣ ಉಳಿಯುವುದು ಈ ಹಂತದಲ್ಲಿ. ಯೂರಿಯಾ ಮಣ್ಣಿಗೆ ಬಿದ್ದಾಗ ಯೂರಿಯೇಸ್ ಎಂಬ ಕಿಣ್ವ ಅದನ್ನು ಕೆಲವೇ ದಿನಗಳಲ್ಲಿ ಒಡೆದು ಅಮೋನಿಯಂ ಕಾರ್ಬೊನೇಟ್ ಮಾಡುತ್ತದೆ. ಕಾರ್ಖಾನೆಯಲ್ಲಿ ಸೇರಿಸಿದ್ದ ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್ ಮತ್ತೆ ಬೇರ್ಪಡುವ ಹಾದಿ ಹಿಡಿದಂತಾಯಿತು. ಅಲ್ಲಿಂದ ಮುಂದೆ ಎಷ್ಟು ಸಾರಜನಕ ಮಣ್ಣಿನಲ್ಲಿ ನಿಲ್ಲುತ್ತದೆ, ಎಷ್ಟು ಗಾಳಿಗೆ ಹಾರುತ್ತದೆ ಎಂಬುದನ್ನು ಬಹುಮಟ್ಟಿಗೆ ರಸಸಾರ ನಿರ್ಧರಿಸುತ್ತದೆ. 25 ಡಿಗ್ರಿ ಉಷ್ಣಾಂಶದಲ್ಲಿ ರಸಸಾರ 7.2 ಇದ್ದರೆ ನೂರರಲ್ಲಿ ಒಂದು ಪಾಲು ಮಾತ್ರ ಹಾರಬಲ್ಲ ಅಮೋನಿಯಾ ರೂಪದಲ್ಲಿರುತ್ತದೆ, 8.2 ಆದರೆ ಎಂಟು ಪಾಲು, 9.2 ಆದರೆ ಸುಮಾರು ಅರ್ಧ. ನಮ್ಮ ಎರೆಮಣ್ಣು ಮೊದಲೇ ಕ್ಷಾರದ ಕಡೆಗಿದ್ದು, ಯೂರಿಯಾ ಕಾಳಿನ ಸುತ್ತ ರಸಸಾರ ಇನ್ನಷ್ಟು ಏರುತ್ತದೆ. ಅದರ ಮೇಲೆ, ಗದ್ದೆಯಲ್ಲಿ ನಿಂತ ನೀರಿನ ಪಾಚಿ ಹಗಲಿನಲ್ಲಿ ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುವುದರಿಂದ ಮಧ್ಯಾಹ್ನದ ಹೊತ್ತಿಗೆ ನೀರಿನ ರಸಸಾರವೂ ಏರಿರುತ್ತದೆ. ರಾಯಚೂರಿನ ಬಿಸಿಲು ಉಳಿದ ಕೆಲಸ ಮುಗಿಸುತ್ತದೆ.

ಆದ್ದರಿಂದ ಮೇಲುಗೊಬ್ಬರ ಕೊಡುವ ಮೊದಲು ಗದ್ದೆಯ ನೀರನ್ನು ಬಸಿದು, ಕೆಸರು ಕಾಣುವಂತಾದಾಗ, ಸಂಜೆಯ ತಂಪಿನಲ್ಲಿ ಯೂರಿಯಾ ಎರಚಬೇಕು. ಒಂದೆರಡು ದಿನ ಬಿಟ್ಟು ಮತ್ತೆ ನೀರು ಕಟ್ಟಿದರೆ ಕರಗಿದ ಸಾರಜನಕ ನೀರಿನೊಂದಿಗೆ ಮಣ್ಣಿನೊಳಕ್ಕೆ ಇಳಿಯುತ್ತದೆ. ಕಾಲುವೆಯ ಸರದಿ ನೆಚ್ಚಲಾಗದ ಕೆಳಭಾಗದ ರೈತರು ನೀರು ಬಸಿಯಲು ಹಿಂಜರಿಯುವುದು ಸಹಜ. ಅವರು ಸರದಿ ಬರುವ ಹಿಂದಿನ ದಿನ, ನೀರು ತಾನಾಗಿಯೇ ಇಂಗಿದ ಹೊತ್ತನ್ನು ಕಾಯ್ದು ಎರಚಬಹುದು.

60 ಕೆಜಿ ಸಾರಜನಕದಲ್ಲಿ ಅರ್ಧವನ್ನು ನಾಟಿಯ ಸಮಯಕ್ಕೆ ಕೊಡಬೇಕು. ಡಿಎಪಿಯಿಂದ ಬಂದದ್ದನ್ನು ಕಳೆದರೆ ಆಗ ಬೇಕಾದ ಯೂರಿಯಾ 40 ಕೆಜಿ. ಉಳಿದದ್ದನ್ನು ಮರಿ ಒಡೆಯುವಾಗ ಮತ್ತು ಗರ್ಭ ಕಟ್ಟುವಾಗ ತಲಾ 32–33 ಕೆಜಿಯಂತೆ ಎರಡು ಸಲ ಕೊಡಬೇಕು. ಎಲೆ ಕಪ್ಪು ಹಸಿರಾಗಲೆಂದು ಇದರ ಮೇಲೆ ಇನ್ನೊಂದು ಚೀಲ ಎರಚುವ ರೂಢಿ ನಮ್ಮಲ್ಲಿದೆ. ಆ ಕಪ್ಪು ಹಸಿರು ಕಂದು ಜಿಗಿಹುಳುವಿಗೂ ಬೆಂಕಿರೋಗಕ್ಕೂ ಆಹ್ವಾನ. ಸೋನಾ ಮಸೂರಿಯಂತಹ ತಳಿಯಾದರೆ ತೆನೆ ಹಾಲುಗಟ್ಟುವ ಹೊತ್ತಿಗೆ ಬೆಳೆಯೇ ಮಲಗುತ್ತದೆ. ಗಾಳಿಯಾಡುವ ಮೇಲ್ಪದರದಲ್ಲಿ ಅಮೋನಿಯಂ ನೈಟ್ರೇಟ್ ರೂಪಕ್ಕೆ ಬದಲಾಗಿ, ಉಸಿರುಗಟ್ಟಿದ ಕೆಳಪದರಕ್ಕೆ ಇಳಿದು, ಅಲ್ಲಿ ಸಾರಜನಕ ಅನಿಲವಾಗಿ ಹೊರಟುಹೋಗುವ ಇನ್ನೊಂದು ನಷ್ಟವೂ ಗದ್ದೆಯಲ್ಲಿದೆ. 2015ರಿಂದ ದೇಶದ ಯೂರಿಯಾಕ್ಕೆಲ್ಲ ಬೇವಿನೆಣ್ಣೆ ಲೇಪಿಸುತ್ತಿರುವುದು ಈ ಬದಲಾವಣೆಯನ್ನು ನಿಧಾನಗೊಳಿಸಲು ನೆರವಾಗುತ್ತದೆ. ಗದ್ದೆಯನ್ನು ಪದೇ ಪದೇ ಒಣಗಿಸಿ ಬಿರುಕು ಬಿಡಿಸಿ ಮತ್ತೆ ತುಂಬಿಸಿದರೆ ಈ ನಷ್ಟ ಹೆಚ್ಚುತ್ತದೆ.

ರಂಜಕದ ಸ್ವಭಾವ ಇದಕ್ಕೆ ವಿರುದ್ಧ. ಅದು ಹಾರುವುದಿಲ್ಲ, ಕದಲುವುದೂ ಇಲ್ಲ. ಎರೆಮಣ್ಣಿನ ಸುಣ್ಣದ ಹರಳುಗಳು ಕರಗಿದ ರಂಜಕವನ್ನು ಹಿಡಿದು, ಮೊದಲು ಅರೆಕರಗುವ, ಕಾಲಕ್ರಮೇಣ ಕರಗದೇ ಇರುವ ಕ್ಯಾಲ್ಸಿಯಂ ಫಾಸ್ಫೇಟ್ ಆಗಿಸುತ್ತವೆ. ಗಣಿಯಿಂದ ತಂದ ಬಂಡೆಯೂ ಅದೇ ಬಗೆಯ ವಸ್ತು. ಹರಡಿ ಎರಚಿದಷ್ಟೂ ಗೊಬ್ಬರ ಹೆಚ್ಚು ಮಣ್ಣಿಗೆ ತಾಗಿ ಬೇಗ ಬಂಧಿಯಾಗುತ್ತದೆ. ಆದ್ದರಿಂದ ಜೋಳ, ಹತ್ತಿ, ತೊಗರಿಗೆ ಡಿಎಪಿಯನ್ನು ಕೂರಿಗೆಯಲ್ಲಿಯೇ ಬೀಜದ ಪಕ್ಕ, ಬೀಜಕ್ಕಿಂತ ತುಸು ಕೆಳಗೆ ಬೀಳುವಂತೆ ಸಾಲಿನಲ್ಲಿ ಹಾಕಬೇಕು. ಭತ್ತಕ್ಕಾದರೆ ಗದ್ದೆಯನ್ನು ಕೊನೆಯ ಸಲ ಕೆಸರು ಮಾಡುವ (ರೊಳ್ಳಿನ) ಸಮಯದಲ್ಲಿ ಕೆಸರಿಗೆ ಸೇರಿಸಬೇಕು. ನಾಟಿಯಾಗಿ ತಿಂಗಳಾದ ಮೇಲೆ ನಿಂತ ನೀರಿನ ಮೇಲೆ ಡಿಎಪಿ ಚೆಲ್ಲುವುದು ನನ್ನ ದೃಷ್ಟಿಯಲ್ಲಿ ಪಾಚಿಯನ್ನು ಸಾಕುವ ಕೆಲಸ.

ಸತುವನ್ನು ಡಿಎಪಿಯೊಂದಿಗೆ ಬೆರೆಸಿ ಹಾಕಬಾರದು. ಹಂತ 4ರಲ್ಲಿ ಲೋಟದೊಳಗೆ ಕಟ್ಟಿದ ಆ ಬಿಳಿ ಗರಣೆಯೇ ಹೊಲದಲ್ಲೂ ಕಟ್ಟಿ ಎರಡೂ ವ್ಯರ್ಥವಾಗುತ್ತವೆ. ಎಕರೆಗೆ 8ರಿಂದ 10 ಕೆಜಿ ಸತುವಿನ ಸಲ್ಫೇಟನ್ನು ತಿಪ್ಪೆಗೊಬ್ಬರದಲ್ಲಿ ಅಥವಾ ಮರಳಿನಲ್ಲಿ ಕಲಸಿ, ಡಿಎಪಿಗಿಂತ ಕೆಲವು ದಿನ ಹಿಂದೆ ಮುಂದೆ ಹಾಕಬೇಕು. ನಾಟಿಯಾದ ಎರಡು ಮೂರು ವಾರಕ್ಕೆ ಎಲೆಗಳ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಮೂಡಿ ಪೈರು ಕುಳ್ಳಾದರೆ ಸತುವಿನ ಕೊರತೆಯನ್ನು ಶಂಕಿಸಬೇಕು, ಯೂರಿಯಾ ಚೀಲಕ್ಕೆ ಕೈ ಹಾಕಬಾರದು. ಅದೇ ರೀತಿ ಯೂರಿಯಾವನ್ನಾಗಲಿ ಡಿಎಪಿಯನ್ನಾಗಲಿ ಸುಣ್ಣ ಅಥವಾ ಒಲೆಯ ಬೂದಿಯೊಂದಿಗೆ ಬೆರೆಸಬಾರದು. ಯೂರಿಯಾ ಮತ್ತು ಸೂಪರ್ ಬೆರೆಸಿ ಇಟ್ಟರೆ ರಾಡಿಯಾಗುತ್ತದೆ. ಬೆರೆಸಲೇಬೇಕಿದ್ದರೆ ಎರಚುವ ಗಳಿಗೆಯಲ್ಲಿ ಮಾತ್ರ.

ಹಂತ 8: ಸವಳು ಭೂಮಿಗೆ ಜಿಪ್ಸಂ

ಅಚ್ಚುಕಟ್ಟಿನ ತಗ್ಗು ಭಾಗಗಳಲ್ಲಿ ನೀರು ನಿಂತು, ಲವಣ ಮೇಲೆದ್ದು ಸವಳು-ಜವಳಾದ ಹೊಲಗಳಿಗೆ ಮೇಲಿನ ಯಾವ ಲೆಕ್ಕವೂ ಪೂರ್ತಿ ಅನ್ವಯಿಸದು. ಮಣ್ಣಿನ ವರದಿಯಲ್ಲಿ ರಸಸಾರ 8.5ನ್ನು ಮೀರಿ ಸೋಡಿಯಂ ಹೆಚ್ಚಿದ್ದರೆ, ಜೇಡಿಕಣಗಳಿಗೆ ಅಂಟಿದ ಸೋಡಿಯಂ ಮಣ್ಣಿನ ರಂಧ್ರಗಳನ್ನು ಮುಚ್ಚಿ ನೀರು ಇಂಗದಂತೆ ಮಾಡುತ್ತದೆ. ಜಿಪ್ಸಂನ ಕ್ಯಾಲ್ಸಿಯಂ ಆ ಸೋಡಿಯಂ ಅನ್ನು ಹೊರದೂಡಿ ತಾನು ಕುಳಿತುಕೊಳ್ಳುತ್ತದೆ. ಹೊರಬಿದ್ದ ಸೋಡಿಯಂ ಸಲ್ಫೇಟ್ ನೀರಿನಲ್ಲಿ ಕರಗುತ್ತದೆ. ಕರಗಿದ ಮೇಲೆ ಅದು ಹೊಲದಿಂದ ಆಚೆ ಹೋಗಬೇಕು. ಬಸಿಗಾಲುವೆ ತೆಗೆಯದೆ ಜಿಪ್ಸಂ ಚೆಲ್ಲಿದರೆ ಬೇಸಿಗೆಯಲ್ಲಿ ಅದೇ ಲವಣ ಮೇಲೆ ಬರುತ್ತದೆ. ಬರೀ ಲವಣವಿದ್ದು ಸೋಡಿಯಂ ಕಡಿಮೆಯಿರುವ ಹೊಲಕ್ಕೆ ಜಿಪ್ಸಂ ಬೇಕಾಗಿಯೇ ಇಲ್ಲ, ಬಸಿಗಾಲುವೆ ಮತ್ತು ಸಿಹಿನೀರು ಸಾಕು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇಂತಹ ಭೂಮಿಯ ಸುಧಾರಣೆಯ ಬಗ್ಗೆ ಬಹುಕಾಲದಿಂದ ಕೆಲಸ ಮಾಡುತ್ತಿದ್ದು, ಎಕರೆಗೆ ಬೇಕಾದ ಜಿಪ್ಸಂ ಪ್ರಮಾಣವನ್ನು ಮಣ್ಣಿನ ವರದಿಯೊಂದಿಗೆ ಅಲ್ಲಿ ಕೇಳಿ ಗೊತ್ತುಮಾಡಿಕೊಳ್ಳಬಹುದು.

ಕೆಲಸದ ಕ್ರಮ ಹೀಗಿರಲಿ: ಮೊದಲು ಹೊಲವನ್ನು ಸಮತಟ್ಟು ಮಾಡಿ ಬದು ಗಟ್ಟಿಗೊಳಿಸಿ ಬಸಿಗಾಲುವೆ ತೋಡಬೇಕು, ಬಳಿಕ ಜಿಪ್ಸಂ ಪುಡಿಯನ್ನು ಹರಡಿ ಮೇಲ್ಪದರದ ನಾಲ್ಕು ಬೆರಳು ಮಣ್ಣಿಗೆ ಸೇರಿಸಿ, ಕಾಲುವೆ ನೀರು ಕಟ್ಟಿ, ಇಂಗಿಸಿ, ಬಸಿಯಬೇಕು. ಆಮೇಲೆ ಹಸಿರೆಲೆ ಗೊಬ್ಬರದ ಬೆಳೆಯಾದ ಡಯಂಚ ಬಿತ್ತಿ, ಸುಮಾರು 45 ದಿನಕ್ಕೆ ಹೂ ಬಿಡುವ ಮೊದಲೇ ಮಣ್ಣಿಗೆ ಮಗುಚಿ, ಅದು ಕೊಳೆತ ನಂತರ ಭತ್ತ ನಾಟಿ ಮಾಡಬೇಕು. ಆ ಮೊದಲ ಬೆಳೆಗೆ ಸತುವನ್ನು ತಪ್ಪಿಸಬಾರದು.